ಓದಿದ ಮೇಲೆ ಸಹಿ

ಸುದ್ದಿ ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ಬಂತು, ಆಂತರಿಕ ಪರೀಕ್ಷೆಯ ವೇಳಾಪಟ್ಟಿಗೂ ರಕ್ತದಾನ ಶಿಬಿರದ ಪ್ರಕಟಣೆಗೂ ನಡುವೆ. ನಮ್ಮ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದವರು ತಾಯಲೂರಿನ ಹತ್ತಿರದ ತಮ್ಮ ಊರಿನಲ್ಲಿ ತೀರಿಕೊಂಡರು ಎಂದು ಎರಡು ಸಾಲು. ಇನಿಷಿಯಲ್ ತಪ್ಪು ಬರೆದಿದ್ದರು. ಕೆಳಗೆ ಮುಗಿದ ಕೈಗಳು ಸಾಲುಗಟ್ಟಿದವು. ಹೊಸದಾಗಿ ಸೇರಿದ ಕಾಮರ್ಸ್ ಉಪನ್ಯಾಸಕರೊಬ್ಬರು ಅಭ್ಯಾಸಬಲದಿಂದ ಹೆಬ್ಬೆಟ್ಟಿನ ಗುರುತು ಒತ್ತಿ, ಆಮೇಲೆ ತಿಳಿದು ತೆಗೆದರು. ಆ ಗ್ರೂಪಿಗೆ ನಾನೇ ಅಡ್ಮಿನ್. ನಾನೂ ಕೈ ಮುಗಿದೆ. ಫೋನಿನಲ್ಲಿ ಕೈ ಮುಗಿಯಲು ಒಂದು ಬೆರಳು ಸಾಕಾಗುತ್ತದೆ.

ತೀರಿಕೊಂಡವರ ಹೆಸರು ಇಲ್ಲಿ ಬರೆಯುವುದಿಲ್ಲ, ಕಾಲೇಜಿನ ಹೆಸರನ್ನೂ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಕಡೆಯೂ ಕೆಲಸ ಮಾಡಿದವರಿಗೆ ಎಲ್ಲ ಕಾಲೇಜೂ ಒಂದೇ ಥರ ಕಾಣುತ್ತವೆ: ಊರಾಚೆ ಕಟ್ಟಡ, ಮುಂದೆ ಎರಡು ಹೊಂಗೆ ಮರ, ಹಿಂದಿನ ಕಾಂಪೌಂಡಿಗೆ ತಾಗಿದ ಹಾಗೆ ಯಾರದೋ ಟೊಮೆಟೊ ತೋಟ. ಅಂಥದ್ದೊಂದು ಎಂದಿಟ್ಟುಕೊಂಡರೆ ಸಾಕು. ನಾನು ಇತಿಹಾಸ ಪಾಠ ಮಾಡುವವಳು. ಆಧಾರವಿಲ್ಲದೆ ಏನನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತೇನೆ. ನನ್ನ ನೆನಪಿನ ವಿಷಯದಲ್ಲಿ ಆ ಮಾತನ್ನು ಎಷ್ಟು ಪಾಲಿಸಿದ್ದೇನೆ ಎಂಬುದು ಈ ಬರಹ ಮುಗಿಯುವ ಹೊತ್ತಿಗೆ ಗೊತ್ತಾಗುತ್ತದೆ.

ಅವರ ಕೆಲಸ ನೋಟಿಸ್ ಬುಕ್ ತಿರುಗಿಸುವುದು. ಗಂಟೆ ಹೊಡೆಯುವುದು, ಕೊಠಡಿಗಳ ಬೀಗ ತೆಗೆಯುವುದು, ಗಿಡಕ್ಕೆ ನೀರು ಹಾಕುವುದು ಎಲ್ಲವೂ ಇತ್ತು. ಆದರೆ ಅವರನ್ನು ಯಾರೇ ಕೇಳಿದರೂ "ನಾನು ನೋಟಿಸ್ ಬುಕ್ಕಿನವನು" ಅನ್ನುತ್ತಿದ್ದರು. ಕೆಂಪು ಬಟ್ಟೆಯ ಬೆನ್ನಿದ್ದ ಉದ್ದನೆಯ ಲೆಡ್ಜರು. ಎಡಗಡೆ ಪುಟದಲ್ಲಿ ಪ್ರಿನ್ಸಿಪಾಲರ ಪ್ರಕಟಣೆ, ಬಲಗಡೆ ಸೇವಾ ಹಿರಿತನದ ಪ್ರಕಾರ ನಮ್ಮೆಲ್ಲರ ಹೆಸರು, ಹೆಸರಿನ ಮುಂದೆ ಸಹಿಗೂ ತಾರೀಖಿಗೂ ಜಾಗ. ಬೈಂಡಿಗೆ ಟ್ವೈನ್ ದಾರದಲ್ಲಿ ಒಂದು ಬಾಲ್‌ಪೆನ್ ಕಟ್ಟಿದ್ದರು. ಅದು ಪಟ್ಟಿಯ ಕೊನೆಯ ಹೆಸರಿನವರೆಗೆ ಸರಿಯಾಗಿ ಎಟುಕಬೇಕು, ಅಷ್ಟೇ ಉದ್ದದ ದಾರ.

ಪಾಠ ನಡೆಯುವಾಗ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಲ್ಲುತ್ತಿದ್ದರು. ಪುಸ್ತಕ ಹಿಡಿದ ರೀತಿಯಲ್ಲೇ ವಿಷಯ ಏನೆಂದು ತಿಳಿಯುತ್ತಿತ್ತು. ಕಂಕುಳಲ್ಲಿದ್ದರೆ ರಜೆ, ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದರೆ ಮೀಟಿಂಗು, ಹೆಗಲ ಮೇಲಿನ ಟವೆಲ್ ಅದರ ಮೇಲೆ ಬಂದಿದ್ದರೆ ಯಾರಿಗೋ ವರ್ಗಾವಣೆ ಅಥವಾ ಮೆಮೊ. ಕೊನೆಯ ಬೆಂಚಿನವರು ಕಂಕುಳನ್ನು ನೋಡಿಯೇ ಶಿಳ್ಳೆ ಹಾಕುತ್ತಿದ್ದರು.

ನಾನು ಸೇರಿದ ಮೊದಲ ವಾರ. ಅವರು ಪುಸ್ತಕ ಮೇಜಿನ ಮೇಲಿಟ್ಟರು, ನಾನು ಹೆಸರು ಹುಡುಕಿ, "ನೋಡಿದೆ" ಎಂದು ಬರೆದು, ಸಹಿ ಹಾಕಿ ತಳ್ಳಿದೆ. ಅವರು ಪುಸ್ತಕ ಎತ್ತಿಕೊಳ್ಳಲಿಲ್ಲ.

"ಓದಿಲ್ಲಮ್ಮ ನೀವು."

"ಏನಿದೆ ಅದ್ರಲ್ಲಿ, ಹೇಳಿ."

"ನಾನ್ ಹೇಳಂಗಿಲ್ಲ. ತರೋದು ನನ್ ಕೆಲಸ, ಓದೋದು ನಿಮ್ ಕೆಲಸ. ನೀವು 'ನೋಡಿದೆ' ಅಂತ ಬರ್ದಿದೀರ. ನೋಡಿದ್ರಿ, ಸರಿ. ಈಗ ಓದಿ."

ನನಗೆ ಸಿಟ್ಟು ಬಂತು. ವಿಶ್ವವಿದ್ಯಾಲಯದಿಂದ ನೇರವಾಗಿ ಬಂದಿದ್ದೆ, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲಾದವರು ಓದು ಅಂದರೆ ಓದಬೇಕೆ? ಎಡಪುಟ ನೋಡಿದರೆ ಮರುದಿನ ಬೆಳಿಗ್ಗೆ ಪರೀಕ್ಷೆಗೆ ನನ್ನನ್ನೇ ಕೊಠಡಿ ಮೇಲ್ವಿಚಾರಕಿ ಮಾಡಿ ಹಾಕಿದ್ದರು. ಅಂದಿನಿಂದ ನಾನು ಎಲ್ಲ ನೋಟಿಸಿಗೂ "ಓದಿದೆ" ಎಂದು ಬರೆಯತೊಡಗಿದೆ ಅಂತ ನನ್ನ ನೆನಪು. ನನ್ನ ನೆನಪು ಅಂತಷ್ಟೇ ಹೇಳಬಲ್ಲೆ.

ರಸಾಯನಶಾಸ್ತ್ರದ ಹಿರಿಯ ಮೇಷ್ಟ್ರೊಬ್ಬರಿದ್ದರು, ಮನೆಮಾತು ತೆಲುಗು. ಅವರ ಮುಂದೆ ಪುಸ್ತಕ ಇಟ್ಟಾಗ ಮಾತ್ರ ಇವರು ಭಾಷೆ ಬದಲಾಯಿಸುತ್ತಿದ್ದರು. "ಚದವಂಡಿ ಸಾರ್, ಊರಿಕೇ ಗೀಕೊದ್ದು." ಓದಿ, ಸುಮ್ಮನೆ ಗೀಚಬೇಡಿ ಅಂತ. ಒಂದು ಬೇಸಿಗೆಯಲ್ಲಿ ಮೇಷ್ಟ್ರು ಶ್ರೀನಿವಾಸಪುರದ ಕಡೆ ಮಾವನ ಮನೆಯ ಮಾವಿನ ತೋಪಿನಲ್ಲಿದ್ದರಂತೆ. ತರಬೇತಿಗೆ ಹೋಗಬೇಕೆಂದು ತುರ್ತು ನೋಟಿಸು ಬಂತು. ಫೋನು ಮಾಡಿದರೆ ಸಾಕಿತ್ತು. ಇವರು ಎರಡು ಬಸ್ಸು ಬದಲಾಯಿಸಿ, ತೋಪಿಗೆ ನಡೆದುಹೋಗಿ, ಕಾಯಿ ಕೀಳಿಸುತ್ತಿದ್ದ ಮೇಷ್ಟ್ರಿಗೆ ಬುಕ್ ತೆರೆದು ಹಿಡಿದರಂತೆ. "ಮರದ ಮೇಲಿದ್ರೂ ಈ ಮನುಷ್ಯ ಬಿಡಲ್ಲ ಕಣಮ್ಮ, ಏಣಿ ಹಾಕ್ಕೊಂಡು ಬರ್ತಾನೆ" ಎಂದು ಮೇಷ್ಟ್ರು ಹೇಳಿ ನಗುತ್ತಿದ್ದರು. ಆ ಪುಟದಲ್ಲಿ ಮಾವಿನ ಸೊನೆಯ ಕಲೆ ಇತ್ತು. ನಾನು ಅಲ್ಲಿರಲಿಲ್ಲ. ಆದರೂ ಮರದ ಬೊಡ್ಡೆಗೆ ಪುಸ್ತಕ ಒರಗಿಸಿ ಸಹಿ ಹಾಕಿಸುವ ದೃಶ್ಯ ಕಣ್ಣಿಗೆ ಕಟ್ಟಿದ ಹಾಗಿದೆ. ಇದಕ್ಕೇ ನಾನು ನೆನಪನ್ನು ನಂಬುವುದಿಲ್ಲ.

ಅವರು ಒಳ್ಳೆಯವರು ಎಂದು ಬರೆಯಲು ನನಗೆ ಇಷ್ಟವಿಲ್ಲ. ಸತ್ತವರೆಲ್ಲ ಒಳ್ಳೆಯವರಾಗಿಬಿಡುತ್ತಾರೆ, ಆ ಕೆಲಸ ಗ್ರೂಪಿನವರು ಆಗಲೇ ಮಾಡಿದ್ದಾರೆ. ಅತಿಥಿ ಉಪನ್ಯಾಸಕರನ್ನು ಕಂಡರೆ ಅವರಿಗೆ ತಾತ್ಸಾರ, ಆ ಉಪನ್ಯಾಸಕರ ಹತ್ತಿರ ಬುಕ್ಕನ್ನು ಕೊನೆಯಲ್ಲಿ ತರುತ್ತಿದ್ದರು. ಯಾರು ಯಾಕೆ ರಜೆ ಹಾಕಿದರು ಎಂಬುದು ಅವರ ಬಾಯಿಂದ ಕ್ಯಾಂಟೀನಿಗೆ ತಲುಪುತ್ತಿತ್ತು. ಹಟಮಾರಿ. ಆ ಹಟದ ರುಚಿ ನನಗೂ ಸಿಕ್ಕಿತು.

ಒಂದು ಸಲ ವಿಭಾಗದ ಸಭೆಯ ನೋಟಿಸು ಬಂದ ದಿನ ನಾನು ಎರಡು ಗಂಟೆ ಮೊದಲೇ ಮನೆಗೆ ಹೋಗಿದ್ದೆ. ಮರುದಿನ ಸಭೆ ಮುಗಿದ ಮೇಲೆ ಕಾಲೇಜಿಗೆ ತಲುಪಿದೆ. ಬುಕ್ ತಂದರು. ಸಹಿ ಹಾಕಿ ಹಿಂದಿನ ದಿನದ ತಾರೀಖು ಬರೆಯಲು ಹೊರಟೆ. ಹಾಗೆ ಬರೆದರೆ ನಾನು ಹಿಂದಿನ ದಿನ ಕೊನೆಯವರೆಗೂ ಕಾಲೇಜಿನಲ್ಲೇ ಇದ್ದೆ ಎಂದಾಗುತ್ತಿತ್ತು, ಸಭೆಗೆ ಬರದಿದ್ದುದಕ್ಕೆ ಬಸ್ಸಿನ ಕಾರಣ ಹೇಳಬಹುದಿತ್ತು. ಅವರು ಪೆನ್ನಿನ ದಾರ ಹಿಡಿದು ಎಳೆದರು. ಮೆಲ್ಲಗೆ, ಕರುವಿನ ಹಗ್ಗ ಎಳೆದ ಹಾಗೆ.

"ಇವತ್ತಿನ ತಾರೀಖು ಹಾಕಮ್ಮ."

"ಒಂದಿನದ ವ್ಯತ್ಯಾಸ. ಯಾರಿಗೇನ್ ನಷ್ಟ?"

"ತಾರೀಖು ನಂದೂ ಅಲ್ಲ, ನಿಮ್ದೂ ಅಲ್ಲ. ತಾರೀಖಿಂದು."

ನನಗೆ ಮೆಮೊ ಬಂತು. ಅದನ್ನು ತಂದವರೂ ಅವರೇ, ಟವೆಲ್ ಮುಚ್ಚಿಕೊಂಡು. ನಾನು ಕೊನೆಯ ಸಾಲಿನವರೆಗೆ ಓದುವ ತನಕ ಎದುರಿಗೆ ನಿಂತಿದ್ದರು. ಈಗ ಆ ದಿನದ ದಿನಚರಿ ತೆಗೆದು ನೋಡಿದೆ. "ಇವನಿಗೆ ಒಂದು ದಿನ ಬುದ್ಧಿ ಕಲಿಸಬೇಕು" ಎಂದು ಬರೆದುಕೊಂಡಿದ್ದೇನೆ. "ಇವನಿಗೆ" ಎಂದೇ ಬರೆದಿದ್ದೇನೆ.

ಇಷ್ಟೆಲ್ಲ ಪಟ್ಟು ಹಿಡಿಯುತ್ತಿದ್ದ ಮನುಷ್ಯನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಅವರು ದಿನಗೂಲಿ ನೌಕರ. ಇಪ್ಪತ್ತು ವರ್ಷದ ಮೇಲಾಗಿದ್ದರೂ ದಿನಗೂಲಿಯೇ. ಎಂದಾದರೂ ಸರ್ಕಾರ ಅವರಂಥವರನ್ನು ಖಾಯಂ ಮಾಡುತ್ತದೆ, ಅದಕ್ಕೊಂದು ಸುತ್ತೋಲೆ ಬರುತ್ತದೆ ಎಂದು ನಂಬಿದ್ದರು. ಬೆಳಿಗ್ಗೆ ಹೆಡ್ ಕ್ಲಾರ್ಕ್ ಟಪಾಲು ಒಡೆಯುವಾಗ ಪಕ್ಕದಲ್ಲಿ ನಿಂತಿರುತ್ತಿದ್ದರು. "ನಮ್ಮೋರ್ದು ಏನಾದ್ರೂ ಬಂತಾ ಸಾರ್?" ಹೆಡ್ ಕ್ಲಾರ್ಕ್ ತಲೆ ಎತ್ತದೆ, "ನಿಂದು ಬಂದ್ರೆ ನೀನೇ ಹೊತ್ಕೊಂಡು ತಿರುಗ್ಬೇಕಲ್ಲಯ್ಯ, ನಿಂಗೆ ಗೊತ್ತಾಗದೆ ಹೋಗುತ್ತಾ?" ಅನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಅರವತ್ತು ತುಂಬುವುದರೊಳಗೆ ಬರಬೇಕು, ಅದೊಂದೇ ಅವರ ಚಿಂತೆ. ಖಾಯಂ ಆದರೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. ಬುಕ್ಕಿನ ಬಲಪುಟ ತೋರಿಸಿದರು. ಪಟ್ಟಿಯ ಕೆಳಗೆ ಎರಡು ಬೆರಳಿನಷ್ಟು ಖಾಲಿ ಜಾಗ ಇತ್ತು.

"ಇಲ್ಲಿ. ಕಡೇ ಹೆಸರಾದ್ರೂ ಪರ್ವಾಗಿಲ್ಲ."

ಹೊಸ ಪ್ರಿನ್ಸಿಪಾಲರು ಬಂದರು. ಮೊದಲ ಸಭೆಯಲ್ಲೇ, ಇನ್ನು ಮುಂದೆ ಪ್ರಕಟಣೆಗಳೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ, ಕಾಗದ ಉಳಿಯುತ್ತದೆ, ಓದಿದವರು ಹೆಬ್ಬೆಟ್ಟಿನ ಗುರುತು ಒತ್ತಿದರೆ ಸಾಕು ಎಂದರು. ಗ್ರೂಪು ಮಾಡುವ ಕೆಲಸ ನನಗೆ ಬಂತು. ನೋಟಿಸ್ ಬುಕ್ ರೆಕಾರ್ಡ್ ರೂಮಿನ ಬೀರು ಸೇರಿತು. ಆ ಸಂಜೆ ಅವರು ನನ್ನ ಹತ್ತಿರ ಬಂದು ತಮ್ಮ ಗುಂಡಿ ಫೋನು ಮುಂದೆ ಚಾಚಿದರು.

"ನನ್ನೂ ಅದ್ರಲ್ಲಿ ಹಾಕ್ತೀರಾಮ್ಮ?"

"ಈ ಫೋನಲ್ಲಿ ಬರಲ್ಲ. ನಿಮಗೆ ಬೇಕಾದ್ದು ಏನಾದ್ರೂ ಬಂದ್ರೆ ನಾನ್ ಹೇಳ್ತೀನಿ."

"ಹೇಳ್ತೀರಲ್ಲ?"

"ಹೇಳ್ತೀನಿ."

ಹೊರಗೆ ಹೋಗುತ್ತ ರಸಾಯನಶಾಸ್ತ್ರದ ಮೇಷ್ಟ್ರಿಗೆ ಅಂದರು, "ನೋಡಿ ಸಾರ್, ನಮ್ಮಪ್ಪ ಓದಿಲ್ದೇ ಹೆಬ್ಬೆಟ್ಟು ಒತ್ತಿದ. ನೀವೆಲ್ಲ ಎಮ್ಮೆಸ್ಸಿ ಮಾಡ್ಕೊಂಡು ಒತ್ತೋ ಕಾಲ ಬಂತು." ಸ್ಟಾಫ್ ರೂಮು ನಕ್ಕಿತು. ನಾನೂ ನಕ್ಕೆ.

ಆಮೇಲೆ ಅವರ ಕೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕೆಲವು ದಿನ ಹಾಜರಿ ಪುಸ್ತಕವನ್ನೇ ಕಂಕುಳಲ್ಲಿಟ್ಟುಕೊಂಡು ಓಡಾಡಿದರು. ಟಪಾಲೂ ಇಮೇಲಿಗೆ ಹೋಗಿತ್ತು, ಒಡೆಯುವುದಕ್ಕೆ ಲಕೋಟೆ ಇರಲಿಲ್ಲ. ಹಾಗಾಗಿ ಬೆಳಗಿನ ಪ್ರಶ್ನೆ ನನ್ನ ಮೇಜಿಗೆ ಬಂತು. "ಏನಾದ್ರೂ ಬಂತಾಮ್ಮ?" ದಿನವೂ. ಮೊದಲು ಫೋನು ತೆಗೆದು ನೋಡಿ ಹೇಳುತ್ತಿದ್ದೆ. ನಂತರ ನೋಡದೆ ಹೇಳುತ್ತಿದ್ದೆ. ಒಂದು ದಿನ ಮೌಲ್ಯಮಾಪನದ ರಾಶಿ ಮುಂದಿತ್ತು, ಇಬ್ಬರು ವಿದ್ಯಾರ್ಥಿಗಳೂ ನಿಂತಿದ್ದರು. "ಬಂದ್ರೆ ಹೇಳ್ತೀನಿ ಅಂದ್ನಲ್ಲ. ದಿನಾ ಬಂದು ಪ್ರಾಣ ತಿಂದ್ರೆ ಬಂದ್ಬಿಡುತ್ತಾ?" ಅಂದೆ.

ಅಂದಿನಿಂದ ಅವರು ಕೇಳಲಿಲ್ಲ.

ಸುತ್ತೋಲೆ ಬಂದದ್ದು ಅದಾದ ಎಷ್ಟು ದಿನಕ್ಕೆ ಎಂದು ಖಚಿತವಾಗಿ ಹೇಳಲಾರೆ. ತಿಂಗಳಿಗಿಂತ ಹೆಚ್ಚಿರಬೇಕು. ಶನಿವಾರ. ಚುನಾವಣಾ ತರಬೇತಿ, ಪ್ರವೇಶಾತಿ, ಯೋಗ ದಿನದ ಫೋಟೊ ಕಳಿಸಿ ಎಂಬ ಜ್ಞಾಪನ, ಹೀಗೆ ಎಂಟು ಪಿಡಿಎಫ್‌ಗಳು ಒಂದರ ಹಿಂದೊಂದು ಬಂದವು. ಒಂದರ ಹೆಸರು ಬರೀ ಅಂಕಿ. ಮೇಲೆ ಪ್ರಿನ್ಸಿಪಾಲರ ಒಂದು ಸಾಲು: "ಸಂಬಂಧಪಟ್ಟವರ ಗಮನಕ್ಕೆ." ದೀರ್ಘಕಾಲ ಕೆಲಸ ಮಾಡಿದ ದಿನಗೂಲಿ ನೌಕರರ ವಿವರವನ್ನು ಹಾಜರಾತಿಯ ದಾಖಲೆಯೊಂದಿಗೆ ಹತ್ತು ದಿನದೊಳಗೆ ಕಳಿಸಬೇಕು, ಆಮೇಲೆ ಬಂದವನ್ನು ಪರಿಗಣಿಸುವುದಿಲ್ಲ ಎಂದು ಅದರೊಳಗಿತ್ತು. ಗ್ರೂಪಿನಲ್ಲಿ ನಲವತ್ತೊಂದು ಜನ. ನಲವತ್ತೊಂದು ಜನಕ್ಕೂ ಅದು ಸಂಬಂಧಪಟ್ಟಿರಲಿಲ್ಲ. ಸಂಬಂಧಪಟ್ಟವರೊಬ್ಬರು ಹೊರಗೆ ಹೊಂಗೆ ಎಲೆ ಗುಡಿಸುತ್ತಿದ್ದರು. ಒಂದರ ಕೆಳಗೊಂದು ಹೆಬ್ಬೆಟ್ಟು ಬಿತ್ತು. ನನ್ನದೂ.

ನಾನು ಅದನ್ನು ತೆರೆದು ಓದಿದ್ದೆನೆ? ದಿನಚರಿಯಲ್ಲಿ ಹೀಗಿದೆ: "ಶನಿವಾರ. ತಲೆನೋವು. ಗ್ರೂಪಿನಲ್ಲಿ ಎಂಟು ಪಿಡಿಎಫ್, ನೋಡಿದೆ. ಬರುವಾಗ ಸೊಪ್ಪು ತಂದೆ." ಅದಕ್ಕಿಂತ ಹೆಚ್ಚಿನ ಆಧಾರ ನನ್ನಲ್ಲಿಲ್ಲ.

ಅವರಿಗೆ ಗೊತ್ತಾದದ್ದು ಬಸ್ಸಿನಲ್ಲಿ. ನರಸಾಪುರದ ಹತ್ತಿರ ಕಂಪನಿ ಶಿಫ್ಟು ಬಿಟ್ಟ ಹೊತ್ತು, ಕಾಲಿಡಲು ಜಾಗವಿರಲಿಲ್ಲವಂತೆ. ಮಾಲೂರು ಕಡೆಯ ಇನ್ನೊಂದು ಕಾಲೇಜಿನ ಅಟೆಂಡರು ಜನರ ಮೇಲಿಂದಲೇ ಕೂಗಿ ಕೇಳಿದರಂತೆ, "ಏಮ್ರಾ, ಅರ್ಜಿ ಇಚ್ಚಿನಾವಾ?" ಏನೋ, ಅರ್ಜಿ ಕೊಟ್ಟೆಯಾ ಅಂತ. ಇವರು, "ಏ ಅರ್ಜಿ?" ಅಂದರಂತೆ. ಯಾವ ಅರ್ಜಿ ಅಂತ. ಕೊನೆಯ ದಿನ ಕಳೆದು ಆಗಲೇ ನಾಲ್ಕು ದಿನವಾಗಿತ್ತು.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ನಾನೂ ಇದ್ದೆ, ಕರೆಸಿದ್ದರು.

"ಗ್ರೂಪಲ್ಲಿ ಹಾಕಿದ್ವಲ್ಲ ಮೇಡಂ?"

"ಹಾಕಿದ್ವಿ ಸಾರ್."

ಅವರು ಬಾಗಿಲಲ್ಲಿದ್ದರು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. "ನಾನು ಗ್ರೂಪಲ್ಲಿಲ್ಲ ಸಾರ್" ಅಂದರು. ನನ್ನ ಕಡೆ ನೋಡಲಿಲ್ಲ. ಈ ಅಮ್ಮ ಹೇಳ್ತೀನಿ ಅಂದಿದ್ರು ಎಂಬ ಒಂದು ಮಾತು ಸಾಕಿತ್ತು. ಅದನ್ನು ಆಡಲಿಲ್ಲ. ನಾನೂ ಆಡಲಿಲ್ಲ.

ಅವರ ಮನವಿಯನ್ನು ಕಾಲೇಜು ಮೇಲಿನ ಕಚೇರಿಗೆ ಕಳಿಸಿತು. ಸುತ್ತೋಲೆಯನ್ನು ಸಕಾಲದಲ್ಲಿ ಸಿಬ್ಬಂದಿಯ ಗಮನಕ್ಕೆ ತರಲಾಗಿತ್ತೇ ಎಂದು ಅಲ್ಲಿಂದ ಒಂದು ಪ್ರಶ್ನೆ ಬಂತು. ತರಲಿಲ್ಲ ಎಂದು ಬರೆದಿದ್ದರೆ ತಪ್ಪು ಕಾಲೇಜಿನದಾಗುತ್ತಿತ್ತು, ಅವರ ಅರ್ಜಿಗೆ ದಾರಿ ಸಿಗುತ್ತಿತ್ತೋ ಏನೋ. "ತರಲಾಗಿದೆ" ಎಂದು ಉತ್ತರ ಹೋಯಿತು. ಪುರಾವೆಗೆ ಗ್ರೂಪಿನ ಸ್ಕ್ರೀನ್‌ಶಾಟು. ಸಾಲಾಗಿ ನಲವತ್ತೊಂದು ಹೆಬ್ಬೆಟ್ಟು. ಅದನ್ನು ತೆಗೆದು, ಪ್ರಿಂಟು ಹಾಕಿಸಿ, ದೃಢೀಕರಿಸಿ ಕೊಟ್ಟವಳು ನಾನು, ಅಡ್ಮಿನ್ ಎಂಬ ಕಾರಣಕ್ಕೆ. ಮನವಿ ತಿರಸ್ಕೃತವಾಯಿತು.

ಅದಾದ ವಾರದಲ್ಲಿ ಅವರು ಬೀರುವಿನಿಂದ ನೋಟಿಸ್ ಬುಕ್ ಹೊರತೆಗೆದರು. ಸುತ್ತೋಲೆಯ ಪ್ರಿಂಟನ್ನು ಹೆಡ್ ಕ್ಲಾರ್ಕ್ ಹತ್ತಿರ ಕೇಳಿ ಪಡೆದು ಎಡಪುಟಕ್ಕೆ ಅಂಟಿಸಿದರು. ಬಲಪುಟದಲ್ಲಿ ಎಲ್ಲರ ಹೆಸರನ್ನೂ ಹಿರಿತನದ ಪ್ರಕಾರ ತಾವೇ ಬರೆದರು. ಟವೆಲ್ ಮುಚ್ಚಿಕೊಂಡು ಸ್ಟಾಫ್ ರೂಮಿಗೆ ಬಂದರು.

ಇಂಗ್ಲಿಷಿನ ಕಿರಿಯ ಉಪನ್ಯಾಸಕ, "ಡೇಟು ಮುಗಿದು ಹೋಗಿದ್ದಕ್ಕೆ ಈಗ್ಯಾಕ್ರಿ ಸೈನು?" ಅಂದ.

"ನೋಟಿಸು ಬಂದ್ಮೇಲೆ ಎಲ್ಲರೂ ಓದ್ಬೇಕು ಸಾರ್. ನಂದು ತರೋ ಕೆಲಸ, ತಂದಿದೀನಿ."

ರಸಾಯನಶಾಸ್ತ್ರದ ಮೇಷ್ಟ್ರು ಎರಡೂ ಪುಟ ಓದಿ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ನನ್ನ ಹುಡುಕ್ಕೊಂಡು ತೋಪಿಗೆ ಬಂದಿದ್ದೆಯಲ್ಲೋ" ಅಂದರು. ಕೆಲವರು ಆಗಲೂ ಓದದೆ ಗೀಚಿದರು. ಇವರು ಅಂಥವರನ್ನೂ ಕಾಯುತ್ತ ನಿಂತರು, ಓದಿಸಿದರು. ಪಟ್ಟಿಯಲ್ಲಿ ನನ್ನ ಹೆಸರು ನಡುವೆ ಇದ್ದರೂ ನನ್ನ ಮೇಜಿಗೆ ಕೊನೆಯಲ್ಲಿ ಬಂದರು. ಪುಸ್ತಕ ಇಟ್ಟರು. ನಾನು ಓದುವುದನ್ನು ಕಾಯಲಿಲ್ಲ. ಗಂಟೆ ಹೊಡೆಯಲು ಹೋದರು, ಇನ್ನೂ ಏಳು ನಿಮಿಷ ಇತ್ತು.

ಮುಂದಿನ ವರ್ಷ ಅವರಿಗೆ ಅರವತ್ತಾಯಿತು. ದಿನಗೂಲಿಯವರಿಗೆ ನಿವೃತ್ತಿ ಎಂಬುದಿಲ್ಲ, ಮರುದಿನದಿಂದ ಬರಬೇಡಿ ಎನ್ನುವುದಷ್ಟೆ. ಅದಕ್ಕೆ ಪ್ರಕಟಣೆಯೂ ಬೇಕಿಲ್ಲ. ಗ್ರೂಪಿನಲ್ಲಿ ಏನೂ ಬರಲಿಲ್ಲ.

ಈಗ, ಅವರು ತೀರಿಕೊಂಡ ಮೇಲೆ, ಇದನ್ನು ಬರೆಯಲು ಕೂತಾಗ ನನ್ನ ನೆನಪು ಒಂದು ಚಿತ್ರ ಕೊಟ್ಟಿತು. ಆ ದಿನ ಅವರು ಬುಕ್ ಇಟ್ಟು ಹೊರಗೆ ಹೋದ ಮೇಲೆ ನಾನು ಸುತ್ತೋಲೆಯನ್ನು ಪೂರ್ತಿ ಓದಿದೆ, ಕಣ್ಣು ತುಂಬಿ ಬಂತು, "ಓದಿದೆ" ಎಂದು ಬರೆದು ಸಹಿ ಹಾಕಿ ಆ ದಿನದ ತಾರೀಖು ಬರೆದೆ. ಚೆನ್ನಾಗಿತ್ತು. ಈ ಬರಹಕ್ಕೆ ಇದೇ ಕೊನೆ ಎಂದು ಬರೆದೂ ಇಟ್ಟೆ. ಆದರೆ ಪುಸ್ತಕ ಬೀರುವಿನಲ್ಲೇ ಇದೆ ಎಂಬುದು ಗೊತ್ತಿತ್ತು. ನೋಡದೆ ಇರುವುದು ನನ್ನ ವೃತ್ತಿಗೆ ತಕ್ಕದ್ದಲ್ಲ ಎಂದುಕೊಂಡು ನಿನ್ನೆ ಬೀಗದ ಕೈ ಕೇಳಿ ತೆಗೆಸಿದೆ.

ಪಟ್ಟಿಯ ಕೆಳಗಿನ ಎರಡು ಬೆರಳು ಜಾಗದಲ್ಲಿ ಅವರ ಹೆಸರಿದೆ, ಅವರದೇ ಕೈಯಲ್ಲಿ, ಸರಿಯಾದ ಇನಿಷಿಯಲ್ ಜೊತೆ. ಅದರ ಮುಂದೆ "ಓದಿದೆ".

ನನ್ನ ಹೆಸರಿನ ಮುಂದೆ "ನೋಡಿದೆ" ಎಂದಿದೆ. ಅಕ್ಷರ ನನ್ನದೇ. ಸಹಿ ನನ್ನದೇ. ಕೆಳಗೆ ಬರೆದಿರುವ ತಾರೀಖು ಆ ದಿನದ್ದಲ್ಲ. ಸುತ್ತೋಲೆ ಗ್ರೂಪಿಗೆ ಬಂದ ಶನಿವಾರದ್ದು.

ಸ್ಕ್ರೀನ್‌ಶಾಟಿಗೆ ಹೊಂದಿಕೆಯಾಗಲಿ ಎಂದು ಹಾಗೆ ಬರೆದಿರಬೇಕು, ಮುಂದೆ ಯಾರಾದರೂ ಕೇಳಿದರೆ ತೊಂದರೆ ಬೇಡ ಎಂದು. ಹಾಗಾದರೆ ಅದು ಸುಳ್ಳು. ಇಲ್ಲವೇ ಆ ಶನಿವಾರ ನಾನು ನಿಜವಾಗಿಯೂ ಅದನ್ನು ತೆರೆದು ಓದಿದ್ದೆ, ಹೇಳಲಿಲ್ಲ. ಮೆಮೊ ಬಂದ ದಿನ, ಬುದ್ಧಿ ಕಲಿಸಬೇಕು ಎಂದು ದಿನಚರಿಯಲ್ಲಿ ಬರೆದುಕೊಂಡ ಸಾಲು ಹಾಗೇ ಇದೆ. ಎರಡರಲ್ಲಿ ಯಾವುದು ಎಂದು ಎಷ್ಟು ಕೂತು ಯೋಚಿಸಿದರೂ ನನಗೆ ಗೊತ್ತಾಗುತ್ತಿಲ್ಲ, ಮತ್ತು ಗೊತ್ತಾಗದಿರುವುದು ನನಗೆ ಅನುಕೂಲವಾಗಿದೆ ಎಂಬುದು ಮಾತ್ರ ಗೊತ್ತಾಗುತ್ತಿದೆ.

ಅವರು ಅದನ್ನು ನೋಡಿದ್ದಾರೆ. ಯಾರ ಬರಹವನ್ನೂ ಹೊಡೆದುಹಾಕುವವರಲ್ಲ, ನನ್ನದನ್ನೂ ಹೊಡೆದುಹಾಕಿಲ್ಲ. ಪಕ್ಕದಲ್ಲಿ, ದಾರ ಕಟ್ಟಿದ ಅದೇ ಪೆನ್ನಿನಲ್ಲಿ, ಸಣ್ಣ ಅಂಕಿಗಳಲ್ಲಿ, ನಾನು ಸಹಿ ಹಾಕಿದ ದಿನದ ತಾರೀಖು ಬರೆದಿದ್ದಾರೆ.